ಓಟಗಾರ ಚಿಗರೆಯೂ ಒಡೆದ ಮೊಟ್ಟೆಗಳೂ

ಕುರುಚಲು ಕಾಡೊಂದರಲ್ಲಿ ಟಿಟ್ಟಿಭ ಹಕ್ಕಿ ಟಿಟ್ಟವ್ವ ಒಂದು ಬೆಳಿಗ್ಗೆ ಕೆರೆಗೆ ಹೋದಳು. ಮೊಟ್ಟೆಗಳಿಗೆ ತಂಪು ಮಾಡಲು ಹೊಟ್ಟೆಯ ಗರಿ ನೆನೆಸಿಕೊಂಡು ಮರಳಿ ಬಂದಳು. ಗರಸುಕಲ್ಲಿನ ಬಯಲಿನಲ್ಲಿ ಅವಳ ನಾಲ್ಕು ಮೊಟ್ಟೆಗಳೂ ಇರಲಿಲ್ಲ. ಚೂರಾದ ಸಿಪ್ಪೆಗಳಿದ್ದವು. ಪಕ್ಕದಲ್ಲಿ ಗೊರಸಿನ ಗುರುತುಗಳಿದ್ದವು.

ಅವಳ ಕೂಗಿಗೆ ಕಾಡೇ ಓಡಿ ಬಂತು. ಎಲ್ಲರಿಗಿಂತ ಮೊದಲು ಬಂದವನು ಗುಳ್ಳೆನರಿ.

“ಕಣ್ಣಾರೆ ಕಂಡೆ, ತಂಗೆವ್ವ. ಆ ಸಿಡಿಲ ತುಳಿದುಕೊಂಡು ಹೋದ. ತಿರುಗಿ ಸಹ ನೋಡಲಿಲ್ಲ,” ಎಂದ.

ಸಿಡಿಲ ಒಬ್ಬ ಎಳೆಯ ಚಿಗರೆ. ಕಾಡಿನ ಓಟದ ಶಾಲೆಯಲ್ಲಿ ಅವನಷ್ಟು ಚುರುಕಾದ ಕಾಲು ಇನ್ನೊಬ್ಬರಿಗಿರಲಿಲ್ಲ. ಮೂರು ದಿನ ಕಳೆದರೆ ನೆರೆಕಾಡುಗಳೊಂದಿಗೆ ಪಂದ್ಯ. ಎಲ್ಲರೂ ಅವನನ್ನೇ ನಂಬಿಕೊಂಡಿದ್ದರು. ಅವನನ್ನು ಬಿಟ್ಟರೆ ಮುಂದಿನ ಸರದಿ ಗುಳ್ಳೆನರಿಯ ತಂಗಿಯ ಮಗನದು.

ಶಾಲೆಯ ಗುರು ಕಾಡುಕೋಣ. ಇಪ್ಪೆ ಮರದ ಕೆಳಗೆ ಅವನ ಮುಂದೆ ಗುಂಪು ಕೂಡಿತು.

“ಹೆಸರು ತೆಗೆದುಹಾಕಿ! ಈಗಲೇ!” ಎಂದು ಮೊಲಗಳು ಕೂಗಿದವು.

ಶಾಲೆಯಲ್ಲಿ ಹೆಸರು ಹೋದವರಿಗೆ ಕಾಡಿನ ಕೆರೆಯಲ್ಲಿ ನೀರಿಲ್ಲ. ಆಚೆಯ ಗುಡ್ಡಕ್ಕೆ ಹೋಗಬೇಕು. ಅಲ್ಲಿ ತೋಳಗಳಿದ್ದವು. ಹಾಗೆ ಹೋದ ಚಿಗರೆ ಒಂದೂ ಉಳಿದಿರಲಿಲ್ಲ. ಸಿಡಿಲ ಗುಂಪಿನ ಅಂಚಿನಲ್ಲಿ ನಿಂತಿದ್ದ.

ಮಂಗಗಳದ್ದು ಬೇರೆ ರಾಗ. “ಗುರುಗಳೇ, ಪಂದ್ಯ ಮುಗೀಲಿ. ಆಮೇಲೆ ಏನಾದ್ರೂ ಮಾಡಿ. ಸದ್ಯಕ್ಕೆ ಆ ಹಕ್ಕಿಗೆ ನಾಲ್ಕು ಹುಳ ಕೊಟ್ಟು ಬಾಯಿ ಮುಚ್ಚಿಸಿ. ಮೊಟ್ಟೆ ತಾನೇ? ಮತ್ತೆ ಇಡ್ತಾಳೆ.”

“ನಿನ್ನ ಮರಿ ಹೋಗಿದ್ರೆ ಹುಳ ತಿಂದು ಸುಮ್ಮನಿರ್ತಿದ್ದೆಯೇನೋ, ಕೋತಿ?” ಎಂದಳು ಟಿಟ್ಟವ್ವ. ಮಂಗ ಮರ ಹತ್ತಿತು.

ಕಾಡುಕೋಣ ಗುಂಪನ್ನು ನೋಡಿದ. ಗುಂಪು ದೊಡ್ಡದಿತ್ತು. “ಶಾಲೆಯ ಮಾನ ದೊಡ್ಡದು. ಇವತ್ತೇ ಹೆಸರು ತೆಗೆದುಬಿಡೋಣ,” ಎಂದ.

“ಆಗದು.”

ಹೇಳಿದವನು ಚಿಪ್ಪಜ್ಜ. ಮುದಿ ಚಿಪ್ಪುಹಂದಿ. ಕಣ್ಣು ಅಷ್ಟಕ್ಕಷ್ಟೆ. ಶಾಲೆಯಲ್ಲಿ ದೂರು ಕೇಳುವ ಕೆಲಸ ಅವನದು. ಚಿಪ್ಪುಹಂದಿಗಳು ಎಲೆ ಅಲುಗಿದರೂ ಅಂಜಿ ಉಂಡೆಯಾಗುತ್ತವೆ. ಆ ದಿನ ಕಾಡೆಲ್ಲ ಒಟ್ಟಿಗೆ ಅವನ ಮೇಲೆ ಅರಚಿತು. ಅವನಿಗೂ ಉಂಡೆಯಾಗಬೇಕು ಅನ್ನಿಸಿತು. ಆದರೂ ಉಂಡೆಯಾಗಲಿಲ್ಲ. ನಿಂತೇ ಇದ್ದ.

“ಕೇಳಿ ಮುಗಿಯೋವರೆಗೆ ಹುಡುಗ ಓಡೋ ಹಾಗಿಲ್ಲ. ಅವನನ್ನ ಯಾರೂ ಅಟ್ಟೋ ಹಾಗೂ ಇಲ್ಲ,” ಎಂದ.

ಮೊಲಗಳಿಗೂ ಸಿಟ್ಟು ಬಂತು, ಮಂಗಗಳಿಗೂ ಸಿಟ್ಟು ಬಂತು.

ಕಾಡುಕೋಣ ಮೂಗರಳಿಸಿದ. “ನೋಡು ಅಜ್ಜ, ನೀನು ತಪ್ಪಿದರೆ ಅವನ ಜೊತೆ ನೀನೂ ಗುಡ್ಡಕ್ಕೆ.”

“ಆಗಲಿ. ನಡೀರಿ.”

ಶಾಲೆಯಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿತ್ತು. ದೂರನ್ನು ನೆರಳಲ್ಲಿ ಕೂತು ಕೇಳುವಂತಿಲ್ಲ. ನಡೆದ ಜಾಗಕ್ಕೇ ಹೋಗಬೇಕು. ಕಂಡವರು ತಾವು ನಿಂತಿದ್ದಲ್ಲೇ ನಿಂತು ಹೇಳಬೇಕು. ದೂರಿಗೆ ಸಿಕ್ಕವನು ಎದುರಿಗಿರಬೇಕು. ಬಹಳ ವರ್ಷದಿಂದ ಯಾರೂ ಅದನ್ನು ನಡೆಸಿರಲಿಲ್ಲ. ಬಿಸಿಲಲ್ಲಿ ಅಷ್ಟು ದೂರ ನಡೆಯುವವರು ಯಾರು?

ಚಿಪ್ಪಜ್ಜ ನಡೆದ.

“ಅಜ್ಜ ಬಯಲು ಮುಟ್ಟೋ ಹೊತ್ತಿಗೆ ಟಿಟ್ಟವ್ವನ ಮೊಮ್ಮಕ್ಕಳ ಮದುವೆ ಆಗಿರುತ್ತೆ,” ಎಂದ ಗುಳ್ಳೆನರಿ. ಕೆಲವರು ನಕ್ಕರು. ಚಿಪ್ಪಜ್ಜ ತಿರುಗಿ ನೋಡಲಿಲ್ಲ.

ಬಯಲಿನಲ್ಲಿ ಮೊದಲು ಟಿಟ್ಟವ್ವನನ್ನು ಕರೆದ. “ಏನು ಕಂಡೆ, ಅವ್ವ?”

“ಸಿಪ್ಪೆ. ಗೊರಸಿನ ಗುರುತು.”

“ತುಳಿದದ್ದು ಕಂಡೆಯಾ?”

ಟಿಟ್ಟವ್ವ ಸಿಡಿಲನ ಕಡೆ ನೋಡಿದಳು. ಹೌದು ಅಂದಿದ್ದರೆ ಯಾರೂ ಅನುಮಾನ ಪಡುತ್ತಿರಲಿಲ್ಲ.

“ಇಲ್ಲ ಅಜ್ಜ. ನಾನು ಕೆರೆಯಲ್ಲಿದ್ದೆ.”

“ಕಂಡಷ್ಟೇ ಹೇಳಿದೆ. ದೊಡ್ಡವಳು ನೀನು,” ಎಂದ ಚಿಪ್ಪಜ್ಜ. ಅವನು ಯಾರನ್ನಾದರೂ ಹೊಗಳಿದ್ದನ್ನು ಕಾಡು ಅದೇ ಮೊದಲು ಕೇಳಿದ್ದು.

ನಂತರ ಸಿಡಿಲನ ಸರದಿ. “ಬೆಳಿಗ್ಗೆ ಇಲ್ಲಿ ಓಡಿದೆಯಾ?”

ಹಕ್ಕಿಗಳು ಮೊಟ್ಟೆಯಿಡುವ ತಿಂಗಳುಗಳಲ್ಲಿ ಓಟಗಾರರು ಗರಸಿನ ಬಯಲಿಗೆ ಇಳಿಯುವಂತಿರಲಿಲ್ಲ. ಅದು ಶಾಲೆಯ ನಿಯಮ.

“ಓಡಿದೆ ಅಜ್ಜ. ಇಲ್ಲಿ ನೆಲ ಗಟ್ಟಿ, ಕಾಲಿಗೆ ಹಿಡಿತ ಸಿಗುತ್ತೆ. ಪಂದ್ಯ ಹತ್ತಿರ ಬಂತಲ್ಲ ಅಂತ ಇಳಿದೆ. ಮೊಟ್ಟೆ ಕಂಡ ಕೂಡಲೇ ಹಾರಿ ದಾಟಿದೆ. ತುಳಿಯಲಿಲ್ಲ.”

“ಒಪ್ಪಿಕೊಂಡ! ಮುಗೀತು!” ಎಂದು ಗುಂಪು ಕೂಗಿತು.

“ಮುಗಿದಿಲ್ಲ,” ಎಂದ ಚಿಪ್ಪಜ್ಜ. “ಗುಳ್ಳೆನರಿ, ಎಲ್ಲಿದ್ದೆ? ನಿಂತು ತೋರಿಸು.”

ಗುಳ್ಳೆನರಿ ಲೆಕ್ಕ ಹಾಕಿದ. ಅವನ ಹೆಜ್ಜೆಗಳಿದ್ದದ್ದು ಲಂಟಾನ ಪೊದೆಯ ಹಿಂದೆ. ಬೇರೆ ಜಾಗ ತೋರಿಸಿದರೆ ಸಿಕ್ಕಿಬೀಳಬಹುದು. ನೇರ ಹೋಗಿ ಪೊದೆಯ ಹಿಂದೆಯೇ ನಿಂತ.

“ಇಲ್ಲಿಂದ ಕಂಡೆ. ಬೇಕಾದರೆ ಹೆಜ್ಜೆ ನೋಡಿಕೊಳ್ಳಿ.”

“ಏನು ಕಂಡೆ?”

“ಏನು ಹೇಳಲಿ ಅಜ್ಜ! ನಾಲ್ಕೂ ಒಂದೇ ಸಲ ಪಚಕ್ ಅಂದ್ವು. ಲೋಳೆ, ಹಳದಿ ಎಲ್ಲ ಹರಿದು ಗರಸು ಒದ್ದೆಯಾಯ್ತು. ನನ್ನ ಕಣ್ಣಲ್ಲಿ ನೀರು ಬಂತು.”

“ಹರಿಯಿತಾ?”

“ಹರೀತು ಅಂತೀನಲ್ಲ! ಕಣ್ಣು ಕಾಣದಿದ್ದರೂ ಕಿವಿಯಾದರೂ ನೆಟ್ಟಗಿರಬೇಡವೇ?”

ಚಿಪ್ಪಜ್ಜ ಮೂಗನ್ನು ನೆಲಕ್ಕೆ ಹಚ್ಚಿದ. ಸಿಪ್ಪೆಗಳ ಸುತ್ತ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಬಿಸಿಲು ಏರುತ್ತಿತ್ತು. ಮೊಲಗಳು ಗೊಣಗಿದವು.

“ನಾನು ಹುಟ್ಟಿದಾಗಿನಿಂದ ಇರುವೆ ತಿಂದು ಬದುಕಿದವನು,” ಎಂದ ಚಿಪ್ಪಜ್ಜ. “ನನಗೆ ಬೇರೇನೂ ಬಾರದು. ಇರುವೆ ಎಲ್ಲಿ ಸೇರುತ್ತೆ ಅನ್ನೋದು ಗೊತ್ತು. ಈ ಕಲ್ಲಿನ ಬುಡದಲ್ಲಿ ದೊಡ್ಡ ಗೂಡಿದೆ. ನಾಲ್ಕು ಮೊಟ್ಟೆ ಇಲ್ಲಿ ಹರಿದಿದ್ದರೆ ಇಷ್ಟು ಹೊತ್ತಿಗೆ ನೆಲ ಕಪ್ಪಾಗಿರಬೇಕಿತ್ತು. ಒಂದು ಇರುವೆಯೂ ಇಲ್ಲ.”

“ಬಿಸಿಲಿಗೆ ಆರಿಹೋಗಿರುತ್ತೆ,” ಎಂದ ಗುಳ್ಳೆನರಿ.

“ಆರಿದ್ದನ್ನೂ ಇರುವೆ ಬಿಡಲ್ಲ.”

ಕಾಡುಕೋಣ ಹತ್ತಿರ ಬಂದು ಬಗ್ಗಿ ನೋಡಿದ. ಗೂಡಿನಿಂದ ಇರುವೆಗಳು ಸಾಲುಗಟ್ಟಿ ಹೊರಟಿದ್ದವು. ಆದರೆ ಸಿಪ್ಪೆಗಳ ಕಡೆಗಲ್ಲ. ಚಿಪ್ಪಜ್ಜ ಸಾಲಿನ ಪಕ್ಕದಲ್ಲಿ ಮೂಗಿಟ್ಟುಕೊಂಡು ಹೊರಟ. ನಿಧಾನವಾಗಿ ಹೋದ. ಯಾರೂ ಈ ಸಲ ನಗಲಿಲ್ಲ. ಸಾಲು ಲಂಟಾನ ಪೊದೆಯನ್ನು ಬಳಸಿತು. ಗುಳ್ಳೆನರಿಯ ಕಾಲುಗಳ ನಡುವೆ ಹೊಕ್ಕಿತು.

“ಸರಿದು ನಿಲ್ಲು.”

ಗುಳ್ಳೆನರಿ ಸರಿಯಲಿಲ್ಲ. “ನಾನೇಕೆ ಸರಿಯಲಿ? ಇಲ್ಲೇ ನಿಲ್ಲು ಅಂದವನು ನೀನು!”

ಚಿಪ್ಪಜ್ಜ ಸುಮ್ಮನೆ ಕಾದ. ಇರುವೆಗಳು ಕಾಲು ಹತ್ತಿದವು. ಗುಳ್ಳೆನರಿ ಒಂದು ಕಾಲೆತ್ತಿದ. ಇನ್ನೊಂದು ಎತ್ತಿದ. ಕೊನೆಗೆ ಅಯ್ಯಯ್ಯೋ ಎಂದು ಎಗರಿ ಆಚೆ ಬಿದ್ದ.

ಚಿಪ್ಪಜ್ಜ ತರಗೆಲೆ ಸರಿಸಿದ. ಕೆಳಗೆ ಹಳದಿ ಕಲೆ. ಅದರ ತುಂಬ ಇರುವೆ. ನಡುವೆ ನೆಕ್ಕಿ ಬಿಟ್ಟ ಸಿಪ್ಪೆಯ ಚೂರೊಂದು. ಗುಳ್ಳೆನರಿ ಮೊಟ್ಟೆಗಳನ್ನು ಇಲ್ಲಿ ತಂದು ತಿಂದಿದ್ದ. ಉಳಿದ ಸಿಪ್ಪೆಗಳನ್ನು ಗೊರಸಿನ ಗುರುತಿನ ಪಕ್ಕ ಒಯ್ದು ಹಾಕಿದ್ದ.

“ಹೊಡೀರಿ ಅವನನ್ನ! ತುಳಿದುಹಾಕಿ!” ಎಂದು ಗುಂಪು ನುಗ್ಗಿತು. ಬೆಳಿಗ್ಗೆ ಸಿಡಿಲನ ಮೇಲೆ ಕೂಗಿದ್ದ ಮೊಲಗಳೇ ಮುಂದಿದ್ದವು.

ಚಿಪ್ಪಜ್ಜ ಗುಂಪಿಗೂ ಗುಳ್ಳೆನರಿಗೂ ನಡುವೆ ಹೋಗಿ ನಿಂತ. “ಇವನ ಮಾತೂ ಕೇಳಬೇಕು.”

“ಕಳ್ಳನ ಮಾತೇನು ಕೇಳೋದು?”

“ಬೆಳಿಗ್ಗೆ ಸಿಡಿಲನಿಗೂ ಇದನ್ನೇ ಅಂದಿರಿ.”

ಮೊಲಗಳು ಹಿಂದೆ ಸರಿದವು. ಕಾಡುಕೋಣ ತಲೆ ತಗ್ಗಿಸಿದ.

ಗುಳ್ಳೆನರಿಗೂ ಹೇಳಲು ಹೊತ್ತು ಕೊಟ್ಟರು. ಅವನು ಒಂದು ಸುಳ್ಳು ಹೇಳಿದ, ಇನ್ನೊಂದು ಹೇಳಿದ. ಮೂರನೆಯದು ಹೊಳೆಯಲಿಲ್ಲ. ಮೊಟ್ಟೆಯ ಆಸೆಗೆ ತಿಂದೆ, ತಂಗಿಯ ಮಗ ಪಂದ್ಯಕ್ಕೆ ಹೋಗಲಿ ಅಂತ ಸಿಡಿಲನ ಹೆಸರು ಹೇಳಿದೆ ಎಂದು ಒಪ್ಪಿಕೊಂಡ. ತಂಗಿಯ ಮಗನನ್ನೂ ಕರೆದು ಕೇಳಿದರು. ಅವನಿಗೆ ಏನೂ ಗೊತ್ತಿರಲಿಲ್ಲ. ಅವನಿಗೆ ಯಾರೂ ಏನೂ ಅನ್ನಲಿಲ್ಲ.

ಸಿಡಿಲ ಅಜ್ಜನ ಮುಂದೆ ಮಂಡಿಯೂರಿದ. “ನಾನಿನ್ನು ಪಂದ್ಯಕ್ಕೆ ಹೋಗಬಹುದಾ, ಅಜ್ಜ?”

“ಇಲ್ಲ.”

ಎಲ್ಲರೂ ಬೆರಗಾಗಿ ನೋಡಿದರು.

“ಮೊಟ್ಟೆ ನೀನು ಒಡೆದಿಲ್ಲ. ಬಯಲಿಗೆ ಇಳಿದಿದ್ದು ನೀನೇ. ಅದಕ್ಕೆ ಈ ಸಲ ಓಟ ಇಲ್ಲ. ಅಷ್ಟೇ.”

“ಅಜ್ಜಾ, ಸೋತುಹೋಗ್ತೀವಲ್ಲ!” ಎಂದು ಮಂಗಗಳು ಬಾಯಿ ಬಡಿದುಕೊಂಡವು.

“ಸೋಲೋಣ.”

ಸಿಡಿಲನ ಕಣ್ಣು ತುಂಬಿತು. ಆದರೂ, “ಸರಿ ಅಜ್ಜ,” ಎಂದ. ಟಿಟ್ಟವ್ವನ ಮುಂದೆ ಹೋಗಿ ತಲೆ ಬಾಗಿಸಿದ. ಅವಳು ಅವನ ಕೊಂಬಿನ ಮೇಲೆ ಒಂದು ಗಳಿಗೆ ಕೂತು ಹಾರಿಹೋದಳು.

ಕಾಡುಕೋಣ ಗುಳ್ಳೆನರಿಯನ್ನು ಕಾಡಿನಿಂದ ಹೊರಹಾಕಿದ; ಅವನು ಸಂಜೆಯೊಳಗೆ ಗುಡ್ಡ ದಾಟಿದ. ಸಿಡಿಲ ಶಾಲೆಯಲ್ಲಿ ಉಳಿದ. ಪಂದ್ಯದಲ್ಲಿ ಕಾಡು ಸೋತಿತು.

ನೀತಿ: ಇಬ್ಬರ ಮಾತನ್ನೂ ಪೂರ್ತಿ ಕೇಳದೆ ತೀರ್ಪು ಕೊಡಬಾರದು, ಗುಂಪಿನ ಕೂಗಿಗೂ ಗೆಲುವಿನ ಆಸೆಗೂ ಬಗ್ಗದವನೇ ನ್ಯಾಯವಂತ.