ಪಾಲಯ್ಯ ಹೇಳಿಕೊಟ್ಟ ದಾರಿ

ಬಹಳ ಹಿಂದೆ, ಎಷ್ಟು ಹಿಂದೆ ಅಂದರೆ ಸೈಕಲ್ಲಿಗೆ ಇನ್ನೂ ಬೆಲ್ಲು ಬಂದಿರದಷ್ಟು ಹಿಂದೆ, ಒಂದು ಊರಿತ್ತು. ಊರಿದ್ದದ್ದು ಬೆಟ್ಟದ ನೆತ್ತಿಯಲ್ಲಿ, ಸಂತೆ ಸೇರುತ್ತಿದ್ದದ್ದು ಬೆಟ್ಟದ ಬುಡದಲ್ಲಿ. ನಡುವೆ ಇದ್ದದ್ದು ಕೆಂಪು ಮಣ್ಣು, ಕರಿ ಬಂಡೆ, ಮೈತುಂಬ ಸೀತಾಫಲದ ಗಿಡ. ಬೆಳಗಿನ ಮಂಜು ಕರಗುವ ಮೊದಲೇ ಹಣ್ಣು ಕೆಳಗಿಳಿಯಬೇಕು, ಬಿಸಿಲು ತಾಗಿದರೆ ಬಿರಿದು ಹೋಗುತ್ತದೆ. ಅದಕ್ಕೆ ಆ ಊರಿನ ಗಂಡಸರು ಹಿಂದೆ ಬುಟ್ಟಿ ಕಟ್ಟಿ, ಟೈರಿನೊಳಗೆ ಕತ್ತಾಳೆ ನಾರು ತುಂಬಿ, ಸೈಕಲ್ಲಿನ ಮೇಲೆ ಬೆಟ್ಟ ಇಳಿಯುತ್ತಿದ್ದರು. ಎಷ್ಟು ಜನ? ಏಳು ಅನ್ನುವವರುಂಟು, ಒಂಬತ್ತು ಅನ್ನುವವರುಂಟು, ಊಟವಾದ ಮೇಲೆ ಕೇಳಿದರೆ ಹದಿನೆಂಟು ಅನ್ನುವವರೂ ಉಂಟು.

ಅವರಲ್ಲಿ ಒಬ್ಬ ಪಾಲಯ್ಯ. ಪಾಲಯ್ಯ ಇಳಿದನೆಂದರೆ ಬುಟ್ಟಿಯೊಳಗಿನ ಹಣ್ಣಿಗೆ ನಿದ್ದೆ ಕೆಡುತ್ತಿರಲಿಲ್ಲವಂತೆ. ಅವನು ಸಂತೆ ಮುಟ್ಟಿ ಬೀಡಿ ಹಚ್ಚಿದ ಮೇಲೆ ಅವನ ನೆರಳು ಏದುಸಿರು ಬಿಡುತ್ತ ಹಿಂದಿನಿಂದ ಬಂದು ಕೂಡಿಕೊಳ್ಳುತ್ತಿತ್ತು ಅಂತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಹೇಳುವವರಂತೂ ಹಾಗೇ ಹೇಳುತ್ತಾರೆ.

ಆ ಊರಿನ ಪದ್ಧತಿ ಒಂದಿತ್ತು. ಸಂಜೆ ಎಲ್ಲರೂ ಒಟ್ಟಾಗಿ, ಖಾಲಿ ಬುಟ್ಟಿಯ ಸೈಕಲ್ಲು ತಳ್ಳಿಕೊಂಡು, ಬೆಟ್ಟ ಹತ್ತುವರು. ಹತ್ತುತ್ತ ಹತ್ತುತ್ತ ಒಬ್ಬರಿಗೊಬ್ಬರು ಕಲ್ಲು ಹೇಳಿಕೊಳ್ಳುವರು. ಕಲ್ಲು ಹೇಳುವುದು ಅಂದರೆ, ಇವತ್ತು ಯಾವ ತಿರುವಿನಲ್ಲಿ ಯಾವ ಕಲ್ಲು ಜಾರಿದೆ, ಎಲ್ಲಿ ಮಣ್ಣು ಸಡಿಲಾಗಿದೆ, ಎಲ್ಲಿ ಚಕ್ರ ಬಿಟ್ಟರೆ ಹಗುರವಾಗಿ ಹೋಗುತ್ತದೆ, ಕಂಡದ್ದನ್ನು ಕಂಡ ಹಾಗೆ ಒಪ್ಪಿಸುವುದು. ಒಬ್ಬನ ಕಣ್ಣು ಎಲ್ಲರ ಕಣ್ಣು. ಎಲ್ಲರಿಗಿಂತ ಹೆಚ್ಚು ಹೇಳುವವನು ಪಾಲಯ್ಯ, ಎಲ್ಲರಿಗಿಂತ ಹೆಚ್ಚು ಗೇಲಿ ಮಾಡುವವನು ಅವನ ಗೆಳೆಯ ಬೋಸಯ್ಯ. ಇಬ್ಬರೂ ಒಂದೇ ಬೀಡಿಯನ್ನು ಎರಡು ತಿರುವಿಗೆ ಹಂಚಿಕೊಂಡು ಸೇದುತ್ತಿದ್ದರಂತೆ.

ಹೀಗಿರುವಾಗ ಪೇಟೆಯಿಂದ ಒಬ್ಬ ಸಾಹುಕಾರ ಬಂದ. ಕೆಟ್ಟವನಲ್ಲ, ಪಾಪ. ಟೈರು ಮಾರುವವನು. ಬೆಳಗಿನ ಮಂಜಿನೊಳಗಿಂದ ಇವರು ಹಕ್ಕಿಗಳ ಹಾಗೆ ಒಬ್ಬೊಬ್ಬರಾಗಿ ಉದುರಿ ಬರುವುದನ್ನು ನೋಡಿ ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಪ್ರತಿ ಸುಗ್ಗಿಗೆ ಒಂದು ಪಂದ್ಯ ಇಡುತ್ತೇನೆ, ಹಲಗೆ ವಾದ್ಯದ ಪೆಟ್ಟು ಎಣಿಸಿ ಕಡಿಮೆ ಪೆಟ್ಟಿಗೆ ಇಳಿದವನಿಗೆ ಬೆಳ್ಳಿ ರೂಪಾಯಿಯ ಚೀಲ ಕೊಡುತ್ತೇನೆ ಎಂದ. ಪಾಲಯ್ಯನಿಗೆ ತನ್ನ ಅಂಗಡಿಯ ಹಳದಿ ಅಂಗಿ ತೊಡಿಸಿದ. ಅದನ್ನು ನೋಡಿ ಇನ್ನೊಬ್ಬ ಟೈರಿನವನು ಬಂದು ಬೋಸಯ್ಯನಿಗೆ ನೀಲಿ ಅಂಗಿ ತೊಡಿಸಿದ. ಬೆಟ್ಟಕ್ಕೆ ಹೂವು ಬಂದ ಹಾಗೆ ಕಾಣುತ್ತಿತ್ತು ಅಂತಾರೆ.

ಮೊದಲ ಸುಗ್ಗಿಯ ಚೀಲ ಪಾಲಯ್ಯನಿಗೆ ಬಂತು. ಮನೆಗೆ ತಗಡಿನ ಮಾಡು ಬಂತು. ಮಳೆ ಬಿದ್ದಾಗ ಆ ತಗಡಿನ ಸದ್ದು ಕೇಳಿಸಿಕೊಳ್ಳುತ್ತ ಮಲಗಿದರೆ ಅವನಿಗೆ ತಾನು ಇನ್ನೂ ಇಳಿಯುತ್ತಲೇ ಇದ್ದೇನೆ ಅನ್ನಿಸುತ್ತಿತ್ತು. ತಪ್ಪೇನಿಲ್ಲ, ಸೋರದ ಮನೆ ಯಾರಿಗೆ ಬೇಡ? ಆದರೆ ಸಂಜೆ ಬೆಟ್ಟ ಹತ್ತುವಾಗ ಅವನು ಒಂದು ಕಲ್ಲು ಕಡಿಮೆ ಹೇಳಿದ. ಮರುದಿನ ಬೋಸಯ್ಯ ಎರಡು ಕಡಿಮೆ ಹೇಳಿದ. ಹಳದಿಯವನು ಬೇಗ ಹತ್ತತೊಡಗಿದ, ನೀಲಿಯವನು ತಡವಾಗಿ ಹತ್ತತೊಡಗಿದ. ಆಮೇಲೆ ಇನ್ನೊಂದು ಶುರುವಾಯಿತು ನೋಡಿ: ಸೈಕಲ್ಲಿನ ಹಿಂದೆ ತಂಗಡಿ ಸೊಪ್ಪಿನ ಕೊಂಬೆ ಕಟ್ಟಿಕೊಂಡು ಇಳಿಯುವುದು, ತನ್ನ ಚಕ್ರದ ಗುರುತು ತಾನೇ ಗುಡಿಸಿಕೊಂಡು ಹೋಗುವುದು. ಬೆಟ್ಟದ ಮೇಲೆ ಇಷ್ಟು ಜನ ಓಡಾಡಿದರೂ ಒಂದು ಗೆರೆ ಉಳಿಯದಂತಾಯಿತು. ದಾರಿಯೇ ಮರೆವಿಗೆ ಬಿದ್ದ ಹಾಗೆ.

ಪಾಲಯ್ಯ ಗುಡಿಸಿದ್ದಕ್ಕೆ ಕಾರಣವಿತ್ತು. ಬೆಟ್ಟದ ಕೊನೆಯ ತಿರುವಿನಲ್ಲಿ ಆನೆಬಂಡೆ ಅಂತ ಒಂದು ಬಂಡೆ. ಎಲ್ಲರೂ ಅದರ ಬಲಕ್ಕೆ ಇಳಿಯುವರು. ಅದರ ಎಡಕ್ಕೆ, ಬೆನ್ನ ಹಿಂದೆ, ಮಳೆನೀರು ಕೊರೆದ ಒಂದು ಸಪೂರ ಹಾದಿ ಅವನ ಕಣ್ಣಿಗೆ ಬಿದ್ದಿತ್ತು. ಅಲ್ಲಿ ಇಳಿದರೆ ಹತ್ತು ಪೆಟ್ಟು ಉಳಿಯುತ್ತಿತ್ತು. ಹೆಂಡತಿಗೂ ಹೇಳಲಿಲ್ಲವಂತೆ.

ಎರಡನೆಯ ಸುಗ್ಗಿ ಬಂತು. ಪಂದ್ಯದ ಹಿಂದಿನ ದಿನ ಜೋರು ಮಳೆ. ಮರುದಿನ ಬೆಳಕು ಹರಿಯುವಾಗ ಪಾಲಯ್ಯ ಒಬ್ಬನೇ ಬೆಟ್ಟ ನೋಡಲು ಹೋದ. ಆನೆಬಂಡೆಯ ಬಲಕ್ಕೆ ಕಾಲಿಟ್ಟರೆ ಮೊಣಕಾಲಿನ ತನಕ ಒಳಗೆ ಹೋಯಿತು. ಮೇಲೆ ನುಣ್ಣನೆ ಮರಳು, ಕೆಳಗೆ ಗುಂಡಿ. ಪಕ್ಕದಲ್ಲಿ ಪ್ರಪಾತ. ಪಾಲಯ್ಯ ಕಾಲು ತೆಗೆದು, ಕೊಡವಿಕೊಂಡು, ಮೇಲೆ ಬಂದ. ಎಲ್ಲರೂ ಅಲ್ಲೇ ನಿಂತಿದ್ದರು. ಹೇಳಲಿಲ್ಲ. ದೇವರು ಅವರಿಗೂ ಎರಡು ಕಣ್ಣು ಕೊಟ್ಟಿದ್ದಾನೆ ಎಂದುಕೊಂಡ. ಬೋಸಯ್ಯನ ಕಡೆ ಮಾತ್ರ ನೋಡಲಿಲ್ಲ.

ಚೀಟಿ ಎತ್ತಿದಾಗ ಮೊದಲ ಸರದಿ ಪಾಲಯ್ಯನಿಗೆ ಬಂತು, ಎರಡನೆಯದು ಬೋಸಯ್ಯನಿಗೆ. ಹಲಗೆ ಬಾರಿಸಿತು, ಪಾಲಯ್ಯ ಇಳಿದ. ಅಂಥ ಇಳಿತವನ್ನು ಆ ಬೆಟ್ಟ ಮತ್ತೆ ಕಂಡಿಲ್ಲ ಅಂತಾರೆ. ಮಂಜು ತಾನೇ ಪಕ್ಕಕ್ಕೆ ಸರಿದು ನಿಂತಿತಂತೆ. ಚಕ್ರ ನೆಲ ಮುಟ್ಟಿತೋ ಇಲ್ಲವೋ, ಸೀತಾಫಲದ ವಾಸನೆಯ ಮೇಲೆಯೇ ತೇಲಿ ಬಂದನಂತೆ. ಆನೆಬಂಡೆಯ ಬೆನ್ನ ಹಿಂದೆ ನುಸುಳಿ ಹೊರಬಿದ್ದಾಗ ಎದುರಿಗೆ ಬಯಲು, ಬಾವುಟ, ಕೈ ಬೀಸುವ ಸಾಹುಕಾರ. ಇನ್ನು ಒಂದು ಕೂಗಳತೆ.

ಆಗ ಮೇಲಿನಿಂದ ಹೋ ಅನ್ನುವ ಕೂಗು ಬಂತು. ಹೊರಡುವಾಗ ಬೋಸಯ್ಯ ಹಾಕುತ್ತಿದ್ದ ಕೂಗು. ಎಷ್ಟೋ ವರ್ಷ ದಿನಾ ಕೇಳಿದ ಕೂಗು.

ಪಾಲಯ್ಯ ಸೈಕಲ್ಲನ್ನು ಅಲ್ಲೇ ಕೆಡವಿದ. ತಿರುಗಿ ಮೇಲಕ್ಕೆ ಓಡಿದ. ಕೆಳಗೆ ಹಲಗೆಯ ಪೆಟ್ಟು ಬೀಳುತ್ತಲೇ ಇತ್ತು, ಒಂದೊಂದು ಪೆಟ್ಟಿಗೂ ಚೀಲ ದೂರ ಹೋಗುತ್ತಿತ್ತು. ಬಂಡೆಯ ಮೇಲೆ ಹತ್ತಿ ನಿಂತು, ಬಲಕ್ಕೆ ಬರಬೇಡ, ಗುಂಡಿ ಇದೆ ಎಂದು ಕೂಗಿದ.

ಬೋಸಯ್ಯನಿಗೆ ಕೇಳಿಸಿತು. ಕೇಳಿಸಿದರೂ ಅವನು ನಂಬಲಿಲ್ಲ. ನಂಬುವುದು ಹೇಗೆ? ಒಂದು ವರ್ಷದಿಂದ ಗುರುತು ಗುಡಿಸಿದವನು ಈಗ ಬಂಡೆ ಹತ್ತಿ ಕೂಗುತ್ತಿದ್ದಾನೆ, ನನ್ನ ವೇಗ ಮುರಿಯುವುದಕ್ಕೇ ಇರಬೇಕು ಎಂದುಕೊಂಡ. ನೇರ ಬಲಕ್ಕೇ ಬಂದ.

ಪಾಲಯ್ಯನ ಬಾಯಿಂದ ಆಗ ಬಂತಂತೆ ಆ ಮಾತು: "ಎಡಕ್ಕೆ ಬಾರಲೇ, ಬಂಡೆ ಹಿಂದಕ್ಕೆ! ನನ್ನ ದಾರಿ ಅದು, ನನ್ನ ದಾರಿ!"

ಸುಳ್ಳು ಹೇಳುವವನು ಊರವರ ದಾರಿ ತೋರಿಸುತ್ತಾನೆ, ತನ್ನದನ್ನು ತೋರಿಸುವುದಿಲ್ಲ. ಬೋಸಯ್ಯ ಹ್ಯಾಂಡಲ್ಲು ಎಳೆದ. ಹಿಂದಿನ ಚಕ್ರ ಮರಳಿನ ಅಂಚು ಸವರಿತು, ಮರಳು ಕುಸಿದು ಬಾಯಿ ಬಿಟ್ಟಿತು, ನೀಲಿ ಅಂಗಿ ಬಂಡೆಯ ಹಿಂದೆ ಮಾಯವಾಯಿತು.

ಆಮೇಲೆ ಪಾಲಯ್ಯ ಕೆಳಗಿಳಿಯಲಿಲ್ಲ. ಬಂಡೆಯ ಮೇಲೇ ಕೂತು, ಬಂದವರಿಗೆಲ್ಲ ದಾರಿ ಹೇಳಿದ. ಬಂದವರೆಲ್ಲ ಎಡಕ್ಕೆ ಹೋದರು. ಕೊನೆಗೆ ನೋಡಿದರೆ ಎಲ್ಲರ ಪೆಟ್ಟೂ ಒಂದೇ ಎಣಿಕೆಗೆ ಬಂತಂತೆ. ಗಣಿತ ಓದಿದವರು ಇದನ್ನು ಒಪ್ಪುವುದಿಲ್ಲ. ಅವರು ಒಪ್ಪದಿದ್ದರೆ ಬೇಡ, ಹಲಗೆಯವನೇ ಎಣಿಸಿದ್ದು. ಚೀಲವನ್ನಂತೂ ಎಲ್ಲರೂ ಹಂಚಿಕೊಂಡರು. ಬೇಡ ಅನ್ನಲು ಅವರೇನು ಸನ್ಯಾಸಿಗಳೇ?

ಸಂಜೆ ಬೋಸಯ್ಯ ಸೈಕಲ್ಲು ತಳ್ಳಿಕೊಂಡು ಹತ್ತಿ ಬಂದ. ಪಾಲಯ್ಯ ಇನ್ನೂ ಅಲ್ಲೇ ಕೂತಿದ್ದ. ಬೋಸಯ್ಯ ಬೀಡಿ ಹಚ್ಚಿದ.

"ಅಲ್ಲಲೇ, ಒಂದು ವರ್ಷ ಆ ದಾರಿನ ಹೊಟ್ಟೆಯೊಳಗೆ ಇಟ್ಕೊಂಡಿದ್ದೆಯಲ್ಲ, ಅಜೀರ್ಣ ಆಗಲಿಲ್ವಾ?"

"ಆಯ್ತು," ಅಂದ ಪಾಲಯ್ಯ. "ಗುಂಡಿನೂ ಗೊತ್ತಿತ್ತು ಕಣೋ. ಬೆಳಿಗ್ಗೆನೇ."

ಬೋಸಯ್ಯ ದಮ್ಮಿನ ಮೇಲೆ ದಮ್ಮು ಎಳೆದ. ಎರಡು ತಿರುವಿನ ಬೀಡಿ ಒಂದೇ ತಿರುವಿಗೆ ಮುಗಿಯಿತು. ಆಮೇಲೆ, ನಡಿ, ಕತ್ತಲಾಗ್ತದೆ ಎಂದನಂತೆ.

ಈಗಲೂ ಆ ಬೆಟ್ಟದಲ್ಲಿ ಪಂದ್ಯ ನಡೆಯುತ್ತದೆ. ಸ್ಪ್ರಿಂಗಿನ ಸೈಕಲ್ಲು, ಮುಖ ಮುಚ್ಚುವ ಹೆಲ್ಮೆಟ್ಟು, ಎದೆಯ ಮೇಲೆ ಮೂರು ಮೂರು ಕಂಪನಿಯ ಹೆಸರು. ಬಹುಮಾನದ ಮೊತ್ತ ಕೇಳಿದರೆ ಪಾಲಯ್ಯ ಬಂಡೆಯಿಂದ ಉರುಳಿ ಬೀಳುತ್ತಿದ್ದ. ಆದರೆ ಹಿಂದಿನ ವರ್ಷ ಗೆದ್ದವನ ಸರದಿ ಯಾವಾಗಲೂ ಕೊನೆಗೆ. ಅಲ್ಲಿಯ ತನಕ ಅವನು ಆನೆಬಂಡೆಯ ಮೇಲೆ ಕೂರಬೇಕು, ಯಾರಿಗೂ ಹೇಳಬಾರದೆಂದು ತಾನು ಅಂದುಕೊಂಡಿದ್ದ, ಆ ದಾರಿಯ ಒಂದು ಸಂಗತಿಯನ್ನು ಬರುವವರಿಗೆಲ್ಲ ಕೂಗಿ ಹೇಳಬೇಕು. ಗುಂಡಿ ಮುಚ್ಚಿ ಎಷ್ಟೋ ಕಾಲವಾಯಿತು, ಪದ್ಧತಿ ಮಾತ್ರ ಉಳಿದಿದೆ. ಅವನು ಸುಳ್ಳು ಹೇಳಿದರೆ ಗೊತ್ತಾಗುವುದು ಹೇಗೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಗೊತ್ತಾಗುವುದಿಲ್ಲ. ಆದರೂ ಮಂಜಿನೊಳಗಿಂದ ಆ ಕೂಗು ಕಿವಿಗೆ ಬಿದ್ದದ್ದೇ, ಇಳಿಯುವವರು ಬ್ರೇಕಿನ ಮೇಲಿನ ಬೆರಳು ತೆಗೆಯುತ್ತಾರೆ.