ಹಂಡೆಯ ಸದ್ದು

“ಗುರುಗಳೇ, ನನಗೆ ಜ್ವರ ಬಂದಾಗ ಕಷಾಯ ಕೊಟ್ಟ ವೈದ್ಯರು ನನಗಾಗಿ ಬಂದವರಲ್ಲ. ಪಕ್ಕದ ಮನೆಯ ರೋಗಿಯನ್ನು ನೋಡಲು ಬಂದಿದ್ದರು. ಉಳಿದದ್ದನ್ನು ನನಗೆ ಕೊಟ್ಟರು, ನಾನು ಬದುಕಿದೆ. ನನಗಾಗಿ ಮಾಡದ ಉಪಕಾರಕ್ಕೂ ನಾನು ಕೃತಜ್ಞನಾಗಿರಬೇಕೆ?” ಎಂದು ಶಿಷ್ಯ ನಿರಂಜನ ಕೇಳಿದ.

ಗುರುಗಳು ಹೇಳಿದರು:

ದೂರದ ಉತ್ತರದ ಕಡಲಿನಲ್ಲಿ ಒಂದು ದ್ವೀಪ. ಅದರ ನಡುವೆ ಬೆಂಕಿಯ ಬೆಟ್ಟ. ಅಲ್ಲಿಯವರು ಮೀನು ಹಿಡಿದು ಬದುಕುತ್ತಿದ್ದರು. ಒಂದು ಬೆಳಿಗ್ಗೆ ದೋಣಿಗಳೆಲ್ಲ ಕಡಲಿಗೆ ಹೋದ ಮೇಲೆ ಬೆಟ್ಟ ಬಾಯಿಬಿಟ್ಟಿತು. ಬೂದಿ ಎದ್ದು ಸೂರ್ಯನನ್ನು ಮುಚ್ಚಿತು. ದಡದಲ್ಲಿ ಹೆಂಗಸರು, ಮಕ್ಕಳು ಉಳಿದಿದ್ದರು. ದೋಣಿಗಳು ಮರಳಿ ಬಂದರೆ ಮಾತ್ರ ಅವರು ಉಳಿಯುತ್ತಿದ್ದರು. ಆದರೆ ದಡದ ಸುತ್ತ ಬಂಡೆಗಳು. ಒಳಗೆ ಬರಲು ಒಂದೇ ಕಿರಿದಾದ ದಾರಿ.

ಒಬ್ಬ ಮೀನುಗಾರ ದಿಕ್ಕು ತೋಚದೆ ಹುಟ್ಟು ಹಿಡಿದು ಕುಳಿತಿದ್ದ. ಆಗ ಲೋಹ ಬಡಿದ ಸದ್ದು ಕೇಳಿಸಿತು. ದೋಣಿಯನ್ನು ಅತ್ತ ತಿರುಗಿಸಿದ. ಬೆಟ್ಟ ಗುಡುಗಿದಾಗ ತಡೆದು, ಸದ್ದು ಮತ್ತೆ ಕೇಳಿದಾಗ ಹುಟ್ಟು ಹಾಕುತ್ತ ದಡ ಸೇರಿದ.

ದಡದ ಬಂಡೆಯ ಮೇಲೆ ಒಬ್ಬ ಮುದುಕಿ ತಾಮ್ರದ ಹಂಡೆಯನ್ನು ಸುತ್ತಿಗೆಯಿಂದ ಬಡಿಯುತ್ತಿದ್ದಳು. ಅಂಗೈ ಒಡೆದು ರಕ್ತ ಸೋರುತ್ತಿತ್ತು. ಮೀನುಗಾರ ಕೈಮುಗಿದ.

“ಅಮ್ಮಾ, ನೀನು ಕರೆಯದಿದ್ದರೆ ನಾನು ಮುಳುಗಿಹೋಗುತ್ತಿದ್ದೆ” ಎಂದ.

“ನಿನ್ನನ್ನು ಯಾರು ಕರೆದರು? ನನ್ನ ಮಗ ಇನ್ನೂ ಬಂದಿಲ್ಲ. ಅಡ್ಡ ನಿಲ್ಲಬೇಡ, ಆಚೆ ಸರಿ” ಎಂದಳು ಮುದುಕಿ.

ಅಷ್ಟರಲ್ಲಿ ಸುತ್ತಿಗೆ ಅವಳ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದಳು, ಬೆರಳು ಮಡಚಲಾಗಲಿಲ್ಲ. ಮೀನುಗಾರ ಅವಳನ್ನು ಹಿಡಿದು ಕೂರಿಸಿದ. ಸುತ್ತಿಗೆಯನ್ನು ತಾನು ಎತ್ತಿಕೊಂಡು ಬಡಿಯತೊಡಗಿದ.

ಅವನ ಹೆಂಡತಿ ಮಗಳನ್ನು ದೋಣಿಯಲ್ಲಿ ಕೂರಿಸಿ ಕೂಗಿದಳು: “ಬೆಂಕಿ ಊರೊಳಗೆ ಇಳಿಯುತ್ತಿದೆ, ಬೇಗ ಬಾ!”

“ಈ ತಾಯಿಯ ಮಗ ಬರಲಿ” ಎಂದ ಮೀನುಗಾರ.

ಹೆಂಡತಿ ಅವನ ಮುಖ ನೋಡಿದಳು. ದೋಣಿಯಿಂದ ಇಳಿದು ಬಂದು ಮುದುಕಿಯ ಅಂಗೈಗೆ ಬಟ್ಟೆ ಸುತ್ತಿದಳು.

ಒಂದೊಂದೇ ದೋಣಿ ಬಂತು. ಬಂದವರು ತಮ್ಮವರನ್ನೂ ನೆರೆಯವರನ್ನೂ ಹತ್ತಿಸಿಕೊಂಡು ಹೊರಟರು. ಎಲ್ಲಕ್ಕಿಂತ ಕೊನೆಗೆ ಮುದುಕಿಯ ಮಗನ ದೋಣಿ ಬಂತು. ಅವಳು ಮಗನ ಮುಖದ ಬೂದಿಯನ್ನು ಒರೆಸಿದಳು, ಅಳುತ್ತ ಬೈದಳು. ಎರಡು ದೋಣಿಗಳೂ ಒಟ್ಟಿಗೆ ಹೊರಟವು. ಊರು ಸುಟ್ಟುಹೋಯಿತು. ಜನ ಒಬ್ಬರೂ ಸಾಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿರಂಜನ ಕೇಳಿದ: “ತನ್ನನ್ನು ದಡಕ್ಕೆ ಕರೆದದ್ದು ಆ ಮೀನುಗಾರ ಎಂದು ಮಗನಿಗೆ ಕೊನೆಗಾದರೂ ತಿಳಿಯಿತೆ?”

ಗುರುಗಳು ಹೇಳಿದರು: “‘ಅಮ್ಮ ಕರೆದದ್ದು ಕೇಳಿ ಬಂದೆ’ ಎಂದು ಮಗ ಹೇಳಿದಾಗ, ಎಲ್ಲರಿಗಿಂತ ಮೊದಲು ಹೌದೆಂದವನು ಆ ಮೀನುಗಾರ.”