ಬಯಕೆ ಊಟದ ಬೇಳೆ

"ಗುರುಗಳೇ, ಕೆಟ್ಟದ್ದನ್ನು ಒಳ್ಳೆಯದೆಂದು ಹೇಳಿ ಮಾರುವುದು ತಪ್ಪು. ಹಳೆಯದನ್ನು ಹಳೆಯದೆಂದೇ ಹೇಳಿ, ಕಡಿಮೆ ಬೆಲೆಗೆ ಮಾರಿದರೆ ಅದರಲ್ಲಿ ತಪ್ಪೇನಿದೆ?"

ಕೇಳಿದವನು ಗಂಗಯ್ಯ. ಮಠದ ಶಿಷ್ಯ, ಊರಿನಲ್ಲಿ ಅಗ್ಗದ ದಿನಸಿ ಅಂಗಡಿ ಇಟ್ಟವನು. ಗುರುಗಳನ್ನು ಕಾಣಲು ಅವನು ಬರಿಗೈಯಲ್ಲಿ ಬರುವವನಲ್ಲ. ಅಂದೂ ಮಠದ ಅಡುಗೆಮನೆಗೆಂದು ಒಂದು ಚೀಲ ತೊಗರಿಬೇಳೆ ತಂದು ಗುರುಗಳ ಮುಂದೆ ಇಟ್ಟಿದ್ದ. ಚೀಲದ ಮೇಲೆ ಪೇಟೆಯ ದೊಡ್ಡ ಅಂಗಡಿಯ ಹೆಸರಿತ್ತು. ಗುರುಗಳು ಅದನ್ನು ಒಮ್ಮೆ ನೋಡಿ, ಕತೆ ಹೇಳತೊಡಗಿದರು.

ಒಂದು ಓಣಿಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಪೇಟೆಯ ದೊಡ್ಡ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ದಿನಸಿಯನ್ನು ಒಟ್ಟಿಗೆ ಕೊಂಡು ತಂದು ಅಗ್ಗಕ್ಕೆ ಮಾರುತ್ತಿದ್ದ. ಹುಳು ಬಿದ್ದ ಬೇಳೆ, ಮುಗ್ಗಲು ಹಿಡಿದ ಹಿಟ್ಟು, ಕಮಟು ಎಣ್ಣೆ, ತಾರೀಖು ಮುಗಿಯಲು ಬಂದ ಪೊಟ್ಟಣ, ಮುಗಿದೇ ಹೋದ ಪೊಟ್ಟಣ. ಅಂಗಡಿಯ ಮುಂದೆ ಫಲಕ ಹಾಕಿದ್ದ: 'ಹಳೆಯ ಮಾಲು, ಕಡಿಮೆ ಬೆಲೆ. ನೋಡಿ ಒಯ್ಯಿರಿ.' ಓದು ಬಾರದವರಿಗೆ ಅದನ್ನೇ ಬಾಯಲ್ಲಿ ಹೇಳುತ್ತಿದ್ದ. ತೂಕದಲ್ಲೂ ಮೋಸವಿಲ್ಲ, ಮಾತಿನಲ್ಲೂ ಮೋಸವಿಲ್ಲ ಎಂಬುದು ಅವನ ಹೆಮ್ಮೆ. ಅವನ ಸ್ವಂತ ಮನೆಯ ಅಡುಗೆಗೆ ಮಾತ್ರ ದಿನಸಿ ಪೇಟೆಯಿಂದ ಬರುತ್ತಿತ್ತು. ಅದನ್ನೂ ಅವನು ಮುಚ್ಚಿಟ್ಟವನಲ್ಲ.

ಓಣಿಯವರು ಅವನ ಮಾಲನ್ನು ಮೊರದಲ್ಲಿ ಕೇರಿ, ಬಿಸಿಲಿಗೆ ಹಾಕಿ, ಇನ್ನೊಂದು ಕುದಿ ಹೆಚ್ಚಿಗೆ ಕುದಿಸಿ ಉಣ್ಣುತ್ತಿದ್ದರು. ಮಕ್ಕಳ ಹೊಟ್ಟೆ ಆಗಾಗ ಕೆಡುತ್ತಿತ್ತು. ಬಡವರ ಮಕ್ಕಳ ಹೊಟ್ಟೆ ಕೆಡುವುದು ಯಾರಿಗೆ ಸುದ್ದಿ?

ವ್ಯಾಪಾರಿಗೆ ಒಬ್ಬಳೇ ಮಗಳು. ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಮೊದಲ ಬಸುರು ನಿಂತಿರಲಿಲ್ಲ. ಮತ್ತೆ ಬಸುರಾಗಿ ತವರಿಗೆ ಬಂದಳು. ಊಟದಲ್ಲಿ ಎಚ್ಚರವಿರಲಿ, ಹೊಟ್ಟೆ ಕೆಟ್ಟರೂ ಅಪಾಯ ಎಂದು ವೈದ್ಯರು ಹೇಳಿ ಕಳಿಸಿದ್ದರು. ತಾಯಿ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು.

ಆ ಓಣಿಯಲ್ಲಿ ಒಂದು ರೂಢಿ ಇತ್ತು. ತವರಿಗೆ ಬಂದ ಬಸುರಿಯನ್ನು ಪ್ರತಿ ಮನೆಯವರೂ ಕರೆದು ಬಯಕೆ ಊಟ ಹಾಕಬೇಕು. ಕರೆದಲ್ಲಿಗೆ ಅವಳು ಹೋಗದಿದ್ದರೆ ಆ ಮನೆಗೆ ಅವಮಾನ. ಹೆಂಗಸರು ಅರಿಸಿನ ಕುಂಕುಮ ಹಿಡಿದು ಬಂದು ಕರೆದು ಹೋದರು. ವ್ಯಾಪಾರಿ ಹೆದರಿದ. ಯಾರ ಮನೆಯ ಡಬ್ಬಿಯಲ್ಲಿ ಏನಿದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಕಳಿಸೋದು ಬ್ಯಾಡ," ಎಂದ ಹೆಂಡತಿಗೆ.

"ಯಾಕ ಅಂತ ಕೇಳಿದ್ರ ಏನ್ ಹೇಳ್ಲಿ?"

ಉತ್ತರ ಅವನ ನಾಲಿಗೆಯ ಮೇಲೇ ಇತ್ತು. ಗಿರಾಕಿಗಳಿಗೆಲ್ಲ ದಿನವೂ ಹೇಳುತ್ತಿದ್ದ ಮಾತೇ ಅದು. ಅಂದು ಮಾತ್ರ ಹೇಳಲಾಗಲಿಲ್ಲ.

ಮಗಳು ಹೋದಳು. ಇವತ್ತು ಒಂದು ಮನೆ, ನಾಳೆ ಇನ್ನೊಂದು ಮನೆ. ವ್ಯಾಪಾರಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಲೆಕ್ಕ ಹಾಕುತ್ತಿದ್ದ. ಈ ಮನೆಯವರು ಒಯ್ದದ್ದು ಹುಳು ಬಿದ್ದ ಬೇಳೆ. ಆ ಮನೆಯವರು ಒಯ್ದದ್ದು ಕಮಟು ಎಣ್ಣೆ. ಮಗಳು ತಿರುಗಿ ಬಂದಾಗಲೆಲ್ಲ ಅವಳ ಮುಖವನ್ನೇ ದಿಟ್ಟಿಸುತ್ತಿದ್ದ. ಅವಳು ಹೋಳಿಗೆಯ ರುಚಿಯನ್ನು ಹೊಗಳಿದರೆ ಅವನು ತಟ್ಟೆ ಬಿಟ್ಟು ಏಳುತ್ತಿದ್ದ.

ಓಣಿಯ ಊಟಗಳೆಲ್ಲ ಮುಗಿದವು. ಮಗಳಿಗೆ ಏನೂ ಆಗಲಿಲ್ಲ. ಬದಲಿಗೆ ಮೈ ತುಂಬಿಕೊಂಡಳು. ವ್ಯಾಪಾರಿಯ ಭಯ ಹೋಯಿತು. ಅದರ ಜಾಗಕ್ಕೆ ಜಂಬ ಬಂತು. ನನ್ನ ಮಾಲನ್ನು ನಾನೇ ಸುಮ್ಮನೆ ಹೀಗಳೆಯುತ್ತಿದ್ದೆನಲ್ಲ ಎಂದುಕೊಂಡ. ಬೇಕಾದ ಸಾಕ್ಷಿ ಸಿಕ್ಕಿದ ಮೇಲೆ ಮನುಷ್ಯ ಇನ್ನೇನನ್ನೂ ವಿಚಾರಿಸುವುದಿಲ್ಲ.

ಆ ದಿನಗಳಲ್ಲೇ, ರೊಟ್ಟಿ ಬಡಿದು ಮಾರಿ ಬದುಕುವ ಒಬ್ಬ ಮುದುಕಿ ಬೇಳೆ ಒಯ್ಯಲು ಬಂದಳು. ಅವಳೂ ವ್ಯಾಪಾರಿಯ ಮಗಳನ್ನು ಕರೆದು ಉಣಿಸಿದವಳೇ. ಅವಳ ಹಿಂದೆ ಸೊಸೆ ಚೀಲ ಹಿಡಿದು ನಿಂತಿದ್ದಳು. ವ್ಯಾಪಾರಿ ಬೇಳೆ ತೂಗುತ್ತ ನಕ್ಕ.

"ಹಳೇದು, ಹಳೇದು ಅಂತೀವಿ. ಇದನ್ನ ಉಂಡು ನನ್ನ ಮಗಳು ಗುಂಡಗಲ್ಲಾಗ್ಯಾಳ ನೋಡವ್ವಾ."

ಮುದುಕಿ ಗಲ್ಲದ ಮೇಲೆ ಕೈ ಇಟ್ಟುಕೊಂಡಳು.

"ಎಂಥಾ ಮಾತ್ರೀ ಸಾವ್ಕಾರ್ರ! ಬಸುರಿಗೆ ಇದನ್ನ ಉಣಸ್ತಾರೇನ್ರೀ? ನಿಮ್ಮ ಮಗಳ ಊಟಕ್ಕ ನಾವು ಎಲ್ಲಾರೂ ಪ್ಯಾಟಿಯಿಂದನ ತಂದಿದ್ವಿ. ಆಮ್ಯಾಲ ಸ್ವಲ್ಪ ದಿನ ಸಂಜಿಗೆ ಒಲಿ ಹಚ್ಚಲಿಲ್ಲ, ಅಷ್ಟ."

ವ್ಯಾಪಾರಿಯ ಕೈಯಲ್ಲಿ ತಕ್ಕಡಿ ನಿಂತಿತು. ಆಗ ಅವನು ಸೊಸೆಯನ್ನು ಸರಿಯಾಗಿ ನೋಡಿದ. ಅವಳಿಗೂ ದಿನ ತುಂಬುತ್ತ ಬಂದಿತ್ತು. ತವರಿಲ್ಲದ ಹುಡುಗಿ, ಬಯಕೆ ಊಟಕ್ಕೆ ಅವಳನ್ನು ಯಾರೂ ಕರೆದಿರಲಿಲ್ಲ.

"ಮತ್ತ ಈಕಿಗೆ?" ಎಂದ.

"ಈಕಿ ನಮ್ಮನಿಯಾಕಿ ಅಲ್ಲೇನ್ರೀ," ಎಂದಳು ಮುದುಕಿ.

ಆ ಮಾತಿನಲ್ಲಿ ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಒಳಮನೆಯಲ್ಲಿ ಪೇಟೆಯ ಬೇಳೆ ಇತ್ತು. ಅದನ್ನೇ ತಂದು ಕೊಡೋಣವೆಂದು ವ್ಯಾಪಾರಿ ಎದ್ದ. ಇವತ್ತು ಇವಳಿಗೆ ಕೊಟ್ಟರೆ ನಾಳೆ ಓಣಿಯೆಲ್ಲ ಬಂದು ಕೈ ಚಾಚುತ್ತದೆ ಅನ್ನಿಸಿತು. ಮತ್ತೆ ಕೂತ. ತಕ್ಕಡಿಯಲ್ಲಿದ್ದ ಬೇಳೆಯನ್ನು ಚೀಲಕ್ಕೆ ಸುರಿದ. ಕೈ ತುಸು ಧಾರಾಳವಾಗಿ ಒಂದು ಹಿಡಿ ಹೆಚ್ಚಿಗೆ ಹಾಕಿತು. ಅದೂ ಹುಳು ಬಿದ್ದ ಬೇಳೆಯೇ.

ಮುದುಕಿ ಅವನನ್ನು ಹರಸಿ ಹೋದಳು.

ವ್ಯಾಪಾರಿಯ ಮಗಳು ಗಂಡು ಮಗು ಹೆತ್ತಳು. ಓಣಿಗೆಲ್ಲ ಸಕ್ಕರೆ ಹಂಚಿದರು. ಅದೇ ವಾರ ಮುದುಕಿಯ ಸೊಸೆ ಹೊಟ್ಟೆ ಕೆಟ್ಟು ಮಲಗಿದಳು. ಅವಳಿಗೂ ಮಗು ಹುಟ್ಟಿತು. ಅಳಲಿಲ್ಲ. ಓಣಿಯವರು ಹಣೆಬರಹ ಎಂದರು. ಕಾರಣ ಬೇಳೆಯೋ, ಉಪವಾಸವೋ, ಯಾರೂ ಕೇಳಲಿಲ್ಲ.

ವ್ಯಾಪಾರಿ ಮಾತ್ರ ಕಾದ. ಮುದುಕಿ ಬಂದು ಮಣ್ಣು ತೂರಿ ಶಪಿಸುತ್ತಾಳೆ ಎಂದು ಕಾದ. ಅವಳು ಬಂದಳು. ಬೈಯಲಿಲ್ಲ, ಅಳಲೂ ಇಲ್ಲ. ಎಂದಿನಂತೆ ಬೇಳೆ ಕೇಳಿದಳು. 'ಹಳೇದೈತಿ, ನೋಡಿ ಒಯ್ಯವ್ವಾ' ಎನ್ನಲು ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

"ಆದರೂ ಗುರುಗಳೇ, ಅವನು ಯಾರಿಗೂ ಸುಳ್ಳು ಹೇಳಿರಲಿಲ್ಲವಲ್ಲ," ಎಂದ ಗಂಗಯ್ಯ.

ಗುರುಗಳು ಮುಂದಿದ್ದ ಚೀಲದ ಮೇಲೆ ಕೈ ಇಟ್ಟರು.

"ಈ ಬೇಳೆಯನ್ನು ನಿನ್ನ ಅಂಗಡಿಯಿಂದ ಯಾಕೆ ತರಲಿಲ್ಲ, ಗಂಗಯ್ಯ?"